ಮಣಿಕಟ್ಟನ್ನು ಕೂಗಿ ಕರೆಯಬೇಡಿ
(ಬೇಸಿಗೆ ಶಿಬಿರಗಳ ಕ್ರಿಕೆಟ್ ಮತ್ತು ಬ್ಯಾಡ್ಮಿಂಟನ್ ಕೋಚ್‌ಗಳಿಗೆ ಒಂದು ಬಹಿರಂಗ ಪತ್ರ)

ಬೇಸಿಗೆ ಶಿಬಿರಗಳ ಕೋಚ್ ಮಹಾಶಯರೆ,



ಏಪ್ರಿಲ್ ಬಂತೆಂದರೆ ಬೆಂಗಳೂರಿನ ಮೈದಾನಗಳ ತಂತಿಬೇಲಿಗೆ ಒರಗಿಕೊಂಡು ನಿಲ್ಲುವ ಅಜ್ಜ ಅಜ್ಜಿಯರ ಸಾಲನ್ನು ನೀವು ನೋಡಿರುತ್ತೀರಿ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಮೊಮ್ಮಗನ ಕಿಟ್ ಬ್ಯಾಗು. ನಾನೂ ಆ ಸಾಲಿನವಳೇ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬೇರೆ ಕೆಲಸವಿಲ್ಲದೆ ಲೆಕ್ಕ ಹಾಕುತ್ತಾ ನಿಂತೆ. ಒಂದು ಗಂಟೆಯೊಳಗೆ ‘ರಿಸ್ಟ್ ಯೂಸ್ ಮಾಡೋ!’ ಎಂಬ ಕೂಗು 41 ಸಲ ಕೇಳಿಸಿತು. ಕೆಲವು ಕ್ರಿಕೆಟ್ ನೆಟ್‌ನಿಂದ, ಉಳಿದವು ಪಕ್ಕದ ತಗಡಿನ ಶೆಡ್ಡಿನ ಬ್ಯಾಡ್ಮಿಂಟನ್ ಕೋರ್ಟಿನಿಂದ. ಪ್ರತಿ ಕೂಗಿಗೂ ಹುಡುಗರು ಮಾಡುತ್ತಿದ್ದದ್ದು ಒಂದೇ: ಹಸ್ತವನ್ನು ಬಾಡಿದ ಬಾಳೆಲೆಯ ಹಾಗೆ ಜೋತುಬಿಡುವುದು, ಆಮೇಲೆ ಪಟ್ಟನೆ ಕೊಡವುವುದು. ಚೆಂಡು ಎಲ್ಲಿಗೋ, ಕಾಕ್ ಎಲ್ಲಿಗೋ. ಮತ್ತೆ ಕೂಗು.

ನಾನು ಬ್ಯಾಟು ಹಿಡಿದವಳಲ್ಲ. 31 ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಫುಟ್‌ವರ್ಕು, ಸ್ಟಾನ್ಸು ನಿಮ್ಮ ವಿದ್ಯೆ, ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಆ 41 ಕೂಗುಗಳು ಹೋಗಿ ಬೀಳುತ್ತಿದ್ದ ಜಾಗ ನನಗೆ ಚೆನ್ನಾಗಿ ಗೊತ್ತು. ಕೂಗು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ನೀವು ಮಣಿಕಟ್ಟಿನಿಂದ ಕೇಳುತ್ತಿರುವ ಕೆಲಸದ ಬಹುಪಾಲನ್ನು ಮಾಡುವುದು ಅದರ ಹಿಂದಿರುವ ಮುಂಗೈ. ಈ ಪತ್ರ ಬರೆದದ್ದು ಇಷ್ಟನ್ನು ಹೇಳುವುದಕ್ಕೆ.

ನನ್ನ ಮಾತು ನಂಬಬೇಡಿ, ಕೂತಲ್ಲೇ ಪರೀಕ್ಷೆ ಮಾಡಿ. ಬಲ ಮೊಣಕೈ ಮಡಿಸಿ ಪಕ್ಕೆಗೆ ಒತ್ತಿಕೊಳ್ಳಿ. ತೀರ್ಥ ತೆಗೆದುಕೊಳ್ಳುವ ಹಾಗೆ ಅಂಗೈ ಮೇಲೆ ಮಾಡಿ, ಆಮೇಲೆ ಬೋರಲು ಮಾಡಿ. ತಿರುಗಿದ್ದು ಮಣಿಕಟ್ಟು ಎಂದೇ ಅನ್ನಿಸುತ್ತದೆ. ಈಗ ಎಡಗೈಯಿಂದ ಬಲ ಮುಂಗೈಯನ್ನು, ಗಡಿಯಾರದ ಪಟ್ಟಿಗಿಂತ ಸ್ವಲ್ಪ ಹಿಂದೆ, ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ತಿರುಗಿಸಿ ನೋಡಿ. ಹಸ್ತ ಕೊಸರಾಡುತ್ತದೆಯೇ ಹೊರತು ತಿರುಗುವುದಿಲ್ಲ.

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಕಿರುಬೆರಳಿನ ಕಡೆಯದು ಅಲ್ನಾ, ಹೆಬ್ಬೆರಳಿನ ಕಡೆಯದು ರೇಡಿಯಸ್. ಅಂಗೈ ಮೇಲಿದ್ದಾಗ ಎರಡೂ ಅಕ್ಕಪಕ್ಕ ಮಲಗಿರುತ್ತವೆ. ಬೋರಲು ಮಾಡಿದಾಗ ಅಲ್ನಾ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ, ರೇಡಿಯಸ್ ಅದರ ಮೇಲೆ ಕತ್ತರಿಯ ಅಲಗಿನಂತೆ ಅಡ್ಡ ಬರುತ್ತದೆ. ಅಲ್ನಾ ಮೊಣಕೈಯಲ್ಲಿ ದಪ್ಪ, ಮಣಿಕಟ್ಟಿಗೆ ಬರುವಷ್ಟರಲ್ಲಿ ಸಣ್ಣ. ರೇಡಿಯಸ್ ಇದಕ್ಕೆ ತಿರುಗುಮುರುಗು. ಮಣಿಕಟ್ಟಿನ ಮೂಳೆಗಳಿಗೆ ಅಲ್ನಾ ನೇರವಾಗಿ ತಾಗುವುದೂ ಇಲ್ಲ, ನಡುವೆ ಮೃದ್ವಸ್ಥಿಯ ಒಂದು ಬಿಲ್ಲೆ ಇದೆ. ಕೈ ಊರಿದಾಗ ಬೀಳುವ ಭಾರದಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ರೇಡಿಯಸ್, 20 ಪಾಲನ್ನು ಅಲ್ನಾ ಹೊರುತ್ತವೆ. ಅಂದರೆ ಹಸ್ತ ನೆಂಟಸ್ತಿಕೆ ಬೆಳೆಸಿರುವುದು ರೇಡಿಯಸ್ ಜೊತೆಗೆ. ಅದು ಎತ್ತ ತಿರುಗಿದರೆ ಹಸ್ತವೂ ಅತ್ತ. ಬೀಗದ ಕೈ ತಿರುಗಿಸುವುದು, ಮುದ್ದೆ ಕೋಲು ತಿರುವುವುದು, ಬಲ್ಬು ಬಿಚ್ಚುವುದು ಎಲ್ಲ ಈ ಎರಡು ಮೂಳೆಗಳ ವ್ಯವಹಾರ. ಎರಡೂ ದಿಕ್ಕು ಸೇರಿ ಸುಮಾರು 150ರಿಂದ 160 ಡಿಗ್ರಿಯಷ್ಟು ತಿರುವು ಇಲ್ಲೇ ಹುಟ್ಟುತ್ತದೆ.

ಬ್ಯಾಡ್ಮಿಂಟನ್ ಕೋಚ್‌ಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸ್ಮ್ಯಾಶ್‌ನ ಬಲ ‘ರಿಸ್ಟ್ ಸ್ನ್ಯಾಪ್’ನಿಂದ ಬರುತ್ತದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದರು. ವೇಗದ ಕ್ಯಾಮೆರಾದಲ್ಲಿ ಹಿಡಿದು ನಿಧಾನವಾಗಿ ಓಡಿಸಿ ನೋಡಿದಾಗ ಕಂಡದ್ದು ಬೇರೆ: ತೋಳು ಭುಜದಲ್ಲಿ ಒಳಮುಖವಾಗಿ ಹೊರಳುತ್ತದೆ, ಅದರ ಬೆನ್ನಿಗೇ ಮುಂಗೈ ಬೋರಲಾಗುತ್ತದೆ. ರಾಕೆಟ್ಟಿನ ತಲೆಗೆ ವೇಗ ಬರುವುದು ಹೆಚ್ಚಾಗಿ ಈ ಎರಡು ಹೊರಳಿಕೆಗಳಿಂದ. ಮಣಿಕಟ್ಟು ಆ ವೇಗವನ್ನು ದಾಟಿಸುತ್ತದೆ, ದಿಕ್ಕನ್ನು ತಿದ್ದುತ್ತದೆ.

ಹಾಗಾದರೆ ಮಣಿಕಟ್ಟು ಸೋಮಾರಿಯೇ? ಅಲ್ಲ. ಅದರ ಕೆಲಸ ಬೇರೆ. ಹಸ್ತವನ್ನು ಅಂಗೈ ಕಡೆಗೆ ಸುಮಾರು 80 ಡಿಗ್ರಿ ಬಗ್ಗಿಸುತ್ತದೆ, ಹಿಂದಕ್ಕೆ ಸುಮಾರು 70 ಡಿಗ್ರಿ ಎತ್ತುತ್ತದೆ. ಹೆಬ್ಬೆರಳಿನ ಕಡೆಗೆ 20, ಕಿರುಬೆರಳಿನ ಕಡೆಗೆ 30 ಡಿಗ್ರಿ ವಾಲಿಸುತ್ತದೆ. ಈ ನಾಲ್ಕನ್ನೂ ಸೇರಿಸಿ ಗಾಳಿಯಲ್ಲಿ ಒಂದು ಸುತ್ತು ಬರೆಯಬಲ್ಲದು.

ನಮ್ಮ ಭಾಷೆಯ ಹೆಸರನ್ನೇ ನೋಡಿ, ಮಣಿಕಟ್ಟು. ಮಣಿ ಕಟ್ಟಿಕೊಳ್ಳುವ ಜಾಗ ಎಂದು ಹಿರಿಯರು ಹೊರಗಿನಿಂದ ನೋಡಿ ಇಟ್ಟ ಹೆಸರು. ಚರ್ಮ ಬಿಡಿಸಿದರೆ ಒಳಗೂ ಮಣಿಗಳೇ! ಗೋಲಿ ಗಾತ್ರದ ಎಂಟು ಮೂಳೆಗಳು ಎರಡು ಸಾಲಿನಲ್ಲಿ ಕೂತಿವೆ. ಮುಂಗೈಗೆ ಹತ್ತಿರದ ಸಾಲಿನಲ್ಲಿ ದೋಣಿಯಾಕಾರದ ಸ್ಕ್ಯಾಫಾಯ್ಡ್, ಅರ್ಧಚಂದ್ರದ ಲ್ಯೂನೇಟ್, ಮೂರು ಮೂಲೆಯ ಟ್ರೈಕ್ವೀಟ್ರಮ್, ಅದರ ಮೇಲೆ ಕೂತ ಬಟಾಣಿ ಕಾಳಿನ ಪಿಸಿಫಾರ್ಮ್. ಬೆರಳುಗಳ ಕಡೆಯ ಸಾಲಿನಲ್ಲಿ ಟ್ರಪೀಝಿಯಮ್, ಟ್ರಪೆಝಾಯ್ಡ್, ನಡುವೆ ಎಲ್ಲಕ್ಕಿಂತ ದೊಡ್ಡ ಕ್ಯಾಪಿಟೇಟ್, ಕೊನೆಗೆ ಕೊಕ್ಕೆ ಇರುವ ಹ್ಯಾಮೇಟ್. ಬ್ಯಾಟಿನ ಅಥವಾ ರಾಕೆಟ್ಟಿನ ಹಿಡಿಯ ತುದಿ ಒತ್ತುವುದು ಆ ಕೊಕ್ಕೆಯ ಮೇಲೆಯೇ. ಕಿರುಬೆರಳಿನ ಬುಡದ ಕಡೆ ಅಂಗೈ ನೋಯುತ್ತದೆ ಎಂದು ಆಟಗಾರ ಪದೇಪದೇ ಹೇಳಿದರೆ ಅದನ್ನು ನೆನಪಿಸಿಕೊಳ್ಳಿ.

ಇದರಲ್ಲಿ ನನ್ನ ವಿದ್ಯಾರ್ಥಿಗಳು ಬೆರಗಾಗುತ್ತಿದ್ದ ಸಂಗತಿ ಒಂದಿದೆ. ಮುಂಗೈಗೆ ಹತ್ತಿರದ ಆ ಮೊದಲ ಸಾಲಿನಲ್ಲಿ, ಬಟಾಣಿಯೊಂದನ್ನು ಬಿಟ್ಟರೆ, ಯಾವ ಮೂಳೆಗೂ ಮುಂಗೈಯ ಸ್ನಾಯು ಬಂದು ಅಂಟುವುದಿಲ್ಲ. ಎಳೆಯುವ ಹಗ್ಗಗಳೆಲ್ಲ ಅವನ್ನು ದಾಟಿಕೊಂಡು ಮುಂದೆ ಹೋಗಿ ಹಸ್ತದ ಮೂಳೆಗಳಿಗೆ ಕಟ್ಟಿಕೊಂಡಿವೆ. ಊರಹಬ್ಬದ ಹಗ್ಗಜಗ್ಗಾಟದಲ್ಲಿ ಹಗ್ಗದ ನಡುವೆ ಕಟ್ಟಿದ ಕರವಸ್ತ್ರ ಇರುತ್ತದಲ್ಲ, ಈ ಮೂಳೆಗಳದ್ದೂ ಅದೇ ಪಾಡು. ತಾವಾಗಿ ಎತ್ತಲೂ ಹೋಗುವುದಿಲ್ಲ. ಆಚೀಚೆಯವರು ಜಗ್ಗಿದ ಕಡೆ ಸರಿಯುತ್ತವೆ, ಅಸ್ಥಿರಜ್ಜುಗಳ ಬಿಗಿತದಿಂದ ಹದ್ದಿನಲ್ಲಿ ಉಳಿಯುತ್ತವೆ. ಕರವಸ್ತ್ರಕ್ಕೆ ‘ಜಗ್ಗೋ!’ ಎಂದು ಯಾರಾದರೂ ಕೂಗುತ್ತಾರೆಯೆ?

ಹಗ್ಗ ಜಗ್ಗುವವರು ಎಲ್ಲಿದ್ದಾರೆ? ಮೊಣಕೈಯ ಕೆಳಗೆ, ಮುಂಗೈ ತುಂಬಿಕೊಂಡು ದಪ್ಪಗಿರುವ ಭಾಗದಲ್ಲಿ. ಅಲ್ಲಿಂದ ಹೊರಟ ಸ್ನಾಯುಗಳು ಮಣಿಕಟ್ಟಿನ ಹತ್ತಿರ ಬರುವಾಗ ಬರೀ ದಾರಗಳಾಗಿರುತ್ತವೆ. ಬೆರಳು ಮಡಿಸುವ 9 ದಾರಗಳು ಮತ್ತು ಒಂದು ನರ, ಅಂಗೈ ಬುಡದ ಇಕ್ಕಟ್ಟಾದ ಸುರಂಗದಲ್ಲಿ ಒಂದಕ್ಕೊಂದು ಒತ್ತಿಕೊಂಡು ಹಾಯುತ್ತವೆ. ಆದ್ದರಿಂದ ಮಗುವಿಗೆ ‘ಮಣಿಕಟ್ಟು ಬಳಸು’ ಎನ್ನುವುದು ಮೊಣಕೈಗೆ ಬೆಲ್ಲ ಹಚ್ಚಿದ ಹಾಗೆ. ಕಾಣುತ್ತದೆ, ನಾಲಿಗೆಗೆ ಸಿಗುವುದಿಲ್ಲ.

ಇನ್ನೊಂದು ಪರೀಕ್ಷೆ. ಹಸ್ತವನ್ನು ಅಂಗೈ ಕಡೆಗೆ ಎಷ್ಟಾಗುತ್ತದೋ ಅಷ್ಟು ಬಗ್ಗಿಸಿ, ಹಾಗೆಯೇ ಮುಷ್ಟಿ ಬಿಗಿಯಿರಿ. ಬೆರಳುಗಳು ಪೂರ್ತಿ ಮಡಿಸಿಕೊಳ್ಳಲು ಒಲ್ಲವು. ಈಗ ಹಸ್ತವನ್ನು ತುಸು ಹಿಂದಕ್ಕೆತ್ತಿ ಬಿಗಿಯಿರಿ. ಮುಷ್ಟಿ ಕಲ್ಲಾಗುತ್ತದೆ. ಬೆರಳು ಮಡಿಸುವ ದಾರಗಳು ಮಣಿಕಟ್ಟನ್ನು ದಾಟಿ ಬರುವುದರಿಂದ, ಅದು ಮುಂದಕ್ಕೆ ಬಗ್ಗಿದರೆ ದಾರ ಸಡಿಲ, ಹಿಂದಕ್ಕೆತ್ತಿದರೆ ಬಿಗಿ. 20ರಿಂದ 35 ಡಿಗ್ರಿ ಹಿಂದಕ್ಕೆತ್ತಿದಾಗ ಹಿಡಿತ ಅತ್ಯಂತ ಗಟ್ಟಿ. ಜೋತುಬಿದ್ದ ಹಸ್ತದಿಂದ ಹೊಡೆಯುವ ಹುಡುಗ ತನ್ನ ಹಿಡಿತವನ್ನು ತಾನೇ ಕಳೆದುಕೊಂಡಿರುತ್ತಾನೆ. ನಿಮ್ಮ ಕೂಗಿಗೆ ಓಗೊಟ್ಟೇ ಅವನು ಅದನ್ನು ಕಳೆದುಕೊಂಡದ್ದು.

ಮಣಿಕಟ್ಟಿಗೆ ಸಲೀಸಾದ ಹಾದಿ ಒಂದಿದೆ. ಹಸ್ತ ಹಿಂದಕ್ಕೆತ್ತಿ ಹೆಬ್ಬೆರಳ ಕಡೆಗೆ ವಾಲಿರುವಲ್ಲಿಂದ ಹೊರಟು, ಮುಂದಕ್ಕೆ ಬಗ್ಗುತ್ತಾ ಕಿರುಬೆರಳ ಕಡೆಗೆ ಇಳಿಯುವ ಓರೆ ಹಾದಿ. ಮೊಳೆ ಹೊಡೆಯುವುದು, ಲಗೋರಿಗೆ ಚೆಂಡೆಸೆಯುವುದು, ಚೊಂಬಿನಿಂದ ನೀರು ಬಗ್ಗಿಸುವುದು ಎಲ್ಲ ಈ ಹಾದಿಯಲ್ಲೇ. ಶಸ್ತ್ರವೈದ್ಯರು ಇದಕ್ಕೆ ಡಾರ್ಟ್ ಎಸೆತದ ಚಲನೆ ಎನ್ನುತ್ತಾರೆ. ಈ ಹಾದಿಯಲ್ಲಿ ಮೊದಲ ಸಾಲಿನ ಮೂಳೆಗಳು ಹೆಚ್ಚು ಅಲುಗುವುದಿಲ್ಲ, ಕೆಲಸವೆಲ್ಲ ಎರಡು ಸಾಲುಗಳ ನಡುವಿನ ಕೀಲಿನಲ್ಲಿ ನಡೆಯುತ್ತದೆ. ನೇರ ಮೇಲೆ ಕೆಳಗೆ ಕೊಡವುವುದಕ್ಕಿಂತ ಈ ಓರೆ ಹಾದಿ ಕೈಗೆ ಒಗ್ಗುವುದು ಅದಕ್ಕೇ. ನಿಮ್ಮ ಡ್ರಿಲ್‌ಗಳಲ್ಲಿ ಹುಡುಗರ ಕೈಯಿಂದ ಮೇಲೆ ಕೆಳಗೆ ಮಾಡಿಸುತ್ತೀರಲ್ಲ, ಅದನ್ನು ಒಂದಿಷ್ಟು ಓರೆ ಮಾಡಿಸಿ ನೋಡಿ.

‘ವಿಶ್ವನಾಥ್ ರಿಸ್ಟ್‌ನಲ್ಲೇ ಆಡ್ತಿದ್ದರಲ್ಲ ಮೇಡಂ?’ ಎಂದು ನೀವು ಕೇಳುತ್ತೀರಿ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸ್‌ನಲ್ಲಿ 137 ಹೊಡೆದಾಗ ನನ್ನ ಅಣ್ಣ ರೇಡಿಯೊ ಬಿಟ್ಟು ಎದ್ದಿರಲಿಲ್ಲ. ಅವರ ಸ್ಕ್ವೇರ್ ಕಟ್ ಅನ್ನು ನಾನೂ ಮೆಚ್ಚಿದವಳೇ. ಆದರೆ ಕಟ್ ಹೊಡೆಯುವಾಗ ಚೆಂಡು ಮೇಲೇಳದಂತೆ ‘ರಿಸ್ಟ್ ರೋಲ್’ ಮಾಡುವುದು ಎನ್ನುತ್ತೀರಲ್ಲ, ಅಲ್ಲಿ ರೋಲ್ ಆಗುವುದು ಏನು? ಬಲಗೈ ಆಟಗಾರನ ಬಲ ಮುಂಗೈ ಬೋರಲಾಗುತ್ತದೆ. ಅದೇ ರೇಡಿಯಸ್, ಅದೇ ಕತ್ತರಿ.

ಬ್ಯಾಡ್ಮಿಂಟನ್‌ನ ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲಿನಲ್ಲಿ ಆಡಿ ಬೆಳೆದವರು. 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಸ್ಮ್ಯಾಶ್‌ಗೆ ಹೆಸರಾದವರು ಕಿಂಗ್, ಎದುರಾಳಿಯನ್ನು ಏಮಾರಿಸುವುದಕ್ಕೆ ಹೆಸರಾದವರು ಪ್ರಕಾಶ್. ಏಮಾರಿಸುವ ಆ ಆಟದಲ್ಲಿ ಹಿಡಿತ ಕೊನೆ ಗಳಿಗೆಯವರೆಗೂ ಸಡಿಲ. ಕಾಕ್ ತಾಗುವ ಹೊತ್ತಿಗೆ ಬೆರಳುಗಳು ಹಿಡಿಯನ್ನು ಬಿಗಿಯುತ್ತವೆ, ಮುಂಗೈ ಒಂದಿಷ್ಟೇ ತಿರುಗುತ್ತದೆ. ನೋಡುವವರ ಕಣ್ಣಿಗೆ ಮಣಿಕಟ್ಟು ಮಾತ್ರ ಕಾಣುತ್ತದೆ, ಹಿಂದಿನವರೂ ಮುಂದಿನವರೂ ಕಾಣುವುದಿಲ್ಲ.

ಇನ್ನು ಮೈಸೂರಿನ ಬಿ.ಎಸ್. ಚಂದ್ರಶೇಖರ್. ಎಳವೆಯಲ್ಲಿ ಪೋಲಿಯೊ ಬಂದು ಬಲಗೈ ಸಣಕಲಾಯಿತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಲ್ಲಿ ಎಸೆಯುತ್ತಿದ್ದರು, ಬೌಲಿಂಗ್ ಮಾತ್ರ ಆ ಸಣಕಲು ಬಲಗೈಯಲ್ಲೇ. 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್, ಆ ನೆಲದಲ್ಲಿ ಭಾರತದ ಮೊದಲ ಸರಣಿ ಗೆಲುವು. ಒಟ್ಟು 58 ಟೆಸ್ಟ್, 242 ವಿಕೆಟ್. ಲೆಗ್ ಸ್ಪಿನ್ನರನ್ನು ‘ರಿಸ್ಟ್ ಸ್ಪಿನ್ನರ್’ ಎನ್ನುತ್ತೇವೆ. ಆದರೆ ಮುಂಗೈಯ ತಿರುವು, ಮಣಿಕಟ್ಟಿನ ಬೀಸು, ಉಂಗುರ ಬೆರಳಿನ ಕೊನೆಯ ತಳ್ಳು, ಈ ಮೂರೂ ಒಂದೇ ಗಳಿಗೆಗೆ ಕೂಡಿ ಬಂದಾಗಲೇ ಚೆಂಡು ತಿರುಗುವುದು. ಆ ಗಳಿಗೆ ಕೂಡುವುದು ಎಸೆದೆಸೆದು. ಚಂದ್ರಶೇಖರ್ ತಮ್ಮ ಕೈಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಎಸೆಯುತ್ತಲೇ ಕಂಡುಕೊಂಡರು. ಬೇಲಿಯಾಚೆಯಿಂದ ಕೂಗಿ ಯಾರೂ ಅದನ್ನು ಅವರ ಕೈಗೆ ತುಂಬಿರಲಾರರು.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಶಿಬಿರಕ್ಕೆ ಬರುವವರು ವಿಶ್ವನಾಥರಲ್ಲ, ಹೆಚ್ಚಾಗಿ ಎಂಟು ಹತ್ತು ವರ್ಷದ ಚಿಳ್ಳೆಪಿಳ್ಳೆಗಳು. ಆಗತಾನೆ ಹುಟ್ಟಿದ ಕೂಸಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಎಂಟರಲ್ಲಿ ಒಂದು ಮೂಳೆಯೂ ಸಾಮಾನ್ಯವಾಗಿ ಕಾಣುವುದಿಲ್ಲ, ಎಲ್ಲ ಇನ್ನೂ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಕ್ಯಾಪಿಟೇಟ್, ಹ್ಯಾಮೇಟ್ ಮೂಡುತ್ತವೆ, ಆಮೇಲೆ ಒಂದೊಂದಾಗಿ ಉಳಿದವು. ಬಟಾಣಿ ಎಲ್ಲಕ್ಕಿಂತ ಕೊನೆಗೆ, ಸುಮಾರು 9ರಿಂದ 12ನೇ ವಯಸ್ಸಿಗೆ. ಈ ಕ್ರಮ ಎಷ್ಟು ನಿಯತ್ತಿನದೆಂದರೆ ಕೈಯ ಎಕ್ಸ್‌ರೇ ನೋಡಿ ಮಗುವಿನ ಮೂಳೆಯ ವಯಸ್ಸನ್ನು ಅಂದಾಜು ಮಾಡಬಹುದು. 16 ವರ್ಷದೊಳಗಿನ ಟೂರ್ನಿಗಳಲ್ಲಿ ವಯಸ್ಸು ಮುಚ್ಚಿಡುವವರನ್ನು ಹಿಡಿಯಲು ಬಿಸಿಸಿಐ ನೆಚ್ಚಿಕೊಂಡಿರುವುದೂ ಇಂಥ ಎಕ್ಸ್‌ರೇಯನ್ನೇ. ಜನನ ಪತ್ರ ಸುಳ್ಳು ಹೇಳಿದರೂ ಮಣಿಕಟ್ಟು ಹೇಳುವುದಿಲ್ಲ.

ಅದೇ ಎಕ್ಸ್‌ರೇಯಲ್ಲಿ ರೇಡಿಯಸ್ ತುದಿಯ ಹತ್ತಿರ ಒಂದು ಕಪ್ಪು ಗೆರೆ ಕಾಣುತ್ತದೆ. ಬಿರುಕಲ್ಲ, ಬೆಳವಣಿಗೆಯ ಪಟ್ಟಿ. ಇಡೀ ರೇಡಿಯಸ್ ಮೂಳೆ ಉದ್ದಕ್ಕೆ ಬೆಳೆಯುವುದರಲ್ಲಿ ಮುಕ್ಕಾಲು ಪಾಲು ಬೆಳೆಯುವುದು ಇಲ್ಲಿಂದ. ಹದಿಹರೆಯ ಮುಗಿಯುತ್ತಾ ಬರುವವರೆಗೂ ಇದು ತೆರೆದೇ ಇರುತ್ತದೆ, ಸುತ್ತಲಿನ ಮೂಳೆಗಿಂತ ಮೆತ್ತಗೂ ಇರುತ್ತದೆ. ಕೈಮೇಲೆ ಮೈಭಾರ ಹಾಕಿ ಹಾಕಿ ಅಭ್ಯಾಸ ಮಾಡುವ ಎಳೆಯ ಜಿಮ್ನಾಸ್ಟ್‌ಗಳಲ್ಲಿ ಈ ಪಟ್ಟಿ ಊದಿ ನೋಯುವುದನ್ನು ಮೂಳೆ ವೈದ್ಯರು ಬಲ್ಲರು. ಹತ್ತು ವರ್ಷದ ಹುಡುಗನಿಗೆ ಅಣ್ಣನ ಬ್ಯಾಟು ಕೊಟ್ಟು ‘ರಿಸ್ಟ್ ಸ್ಟ್ರಾಂಗ್ ಆಗಲಿ’ ಎನ್ನುವುದು, ಸಿಮೆಂಟ್ ನೆಲದ ಮೇಲೆ ಅಂಗೈ ಊರಿಸಿ ಶಿಕ್ಷೆಗೆ ಐವತ್ತು ಪುಶ್‌ಅಪ್ ಹೊಡೆಸುವುದು, ಕೈಗೆ ಮರಳಿನ ಪಟ್ಟಿ ಕಟ್ಟಿ ಓಡಿಸುವುದು, ಇವನ್ನೆಲ್ಲ ಬೇಲಿ ಪಕ್ಕದಿಂದ ನೋಡಿದ್ದೇನೆ. ದಯವಿಟ್ಟು ನಿಲ್ಲಿಸಿ.

ನನ್ನ ಮೊಮ್ಮಗನ ಕತೆ ಹೇಳದೆ ಈ ಪತ್ರ ಮುಗಿಯದು. ಶಿಬಿರದ ಹೆಸರು ಬೇಡ. ಅವನಿಗೆ 14. ಕ್ಯಾಚ್ ಹಿಡಿಯಲು ಹಿಂದಕ್ಕೆ ಓಡಿ, ಬಿದ್ದು, ಅಂಗೈ ಊರಿದ. ಚಿಕ್ಕ ವಯಸ್ಸಿನ ಕೋಚ್ ಓಡಿ ಬಂದ, ಸ್ಪ್ರೇ ಹೊಡೆದ, ಬೆರಳು ಹಿಡಿದು ಎರಡು ಸಲ ಜಗ್ಗಿದ. ‘ಏನಿಲ್ಲ ಅಜ್ಜಿ, ಉಳುಕಷ್ಟೆ’ ಎಂದ. ಊತವೂ ಹೆಚ್ಚಿರಲಿಲ್ಲ. ಹುಡುಗ ಮತ್ತೆ ಬೌಲಿಂಗಿಗೆ ಹೋದ. ಅವನೊಬ್ಬನನ್ನು ದೂರಿ ಪ್ರಯೋಜನವಿಲ್ಲ, 31 ವರ್ಷ ಪಾಠ ಮಾಡಿದ ನಾನೂ ತಲೆಯಾಡಿಸಿ ಸುಮ್ಮನಾದೆ. ಮೂರನೇ ದಿನ ಮನೆಯಲ್ಲಿ ಬಾಟಲಿಯ ಮುಚ್ಚಳ ತೆಗೆಯಲಾರದೆ ಅವನು ಮುಖ ಕಿವುಚಿದಾಗ ಎದೆ ಧಸಕ್ಕೆಂದಿತು.

ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಅದರ ಬುಡದಲ್ಲಿ ಎರಡು ದಾರಗಳ ನಡುವೆ ಒಂದು ಗುಳಿ ಬೀಳುತ್ತದೆ. ನಮ್ಮಜ್ಜ ನಶ್ಯ ಹಾಕಿಕೊಂಡು ಮೂಗಿಗೇರಿಸುತ್ತಿದ್ದುದು ಅಲ್ಲಿಂದಲೇ. ಅಂಗರಚನೆಯ ಪುಸ್ತಕದಲ್ಲೂ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರು. ಆ ಗುಳಿಯ ತಳದಲ್ಲಿದೆ ಸ್ಕ್ಯಾಫಾಯ್ಡ್. ಒತ್ತಿದೆ, ಹುಡುಗ ಚೀರಿದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ವೈದ್ಯರು ಪ್ಲಾಸ್ಟರ್ ಹಾಕಿಯೇ ಕಳಿಸಿದರು. 12ನೇ ದಿನದ ಎರಡನೇ ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ಮೂಡಿತ್ತು. ಮಣಿಕಟ್ಟಿನ ಎಂಟರಲ್ಲಿ ಅತಿ ಹೆಚ್ಚು ಮುರಿಯುವ ಮೂಳೆ ಇದೇ, ಮೊದಲ ಎಕ್ಸ್‌ರೇಗೆ ಸಿಗದೆ ತಪ್ಪಿಸಿಕೊಳ್ಳುವುದೂ ಇದೇ.

ಅಷ್ಟು ಸಣ್ಣ ಮೂಳೆಗೆ ಅಷ್ಟೇಕೆ ಭಯ ಎಂದರೆ, ಅದರ ರಕ್ತದ ಹಾದಿ ವಿಚಿತ್ರ. ರಕ್ತನಾಳ ಬಹುಪಾಲು ಬೆರಳುಗಳ ಕಡೆಯ ತುದಿಯಿಂದ ಒಳಹೊಕ್ಕು, ಹಿಮ್ಮುಖವಾಗಿ ಮುಂಗೈ ಕಡೆಯ ತುದಿಗೆ ಹರಿಯುತ್ತದೆ. ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಕಾಲುವೆಯ ಕೊನೆ ಭಾಗದ ಗದ್ದೆ ಅದು. ನಡುವೆ ಒಡೆದರೆ ಕೊನೆಗೆ ನೀರಿಲ್ಲ. ಬಿರುಕು ಕೂಡದೆ ಉಳಿದರೆ ಆ ತುಂಡು ಒಣಗಿ ಸಾಯಬಹುದು, ವರ್ಷಗಳ ಮೇಲೆ ಇಡೀ ಮಣಿಕಟ್ಟು ಸವೆಯಬಹುದು. ಮೊಮ್ಮಗನಿಗೆ ಎಂಟು ವಾರ ಪ್ಲಾಸ್ಟರ್, ಒಂದು ಬೇಸಿಗೆ ಹೋಯಿತು. ಮೂಳೆ ಕೂಡಿತು, ನಮ್ಮ ಪುಣ್ಯ.

ಅದಕ್ಕೇ ನಿಮ್ಮಲ್ಲಿ ಇಷ್ಟು ಕೇಳುತ್ತೇನೆ. ಕೈ ಊರಿ ಬಿದ್ದ ಮಗುವಿನ ಬೆರಳು ಜಗ್ಗಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ನಶ್ಯದ ಗುಳಿಯನ್ನು ಮೆಲ್ಲಗೆ ಒತ್ತಿ ನೋಡಿ. ನೋವೆಂದರೆ ಆಟ ಅವತ್ತಿಗೆ ಮುಗಿಯಿತು, ಆಸ್ಪತ್ರೆಗೆ ಕಳಿಸಿ. ಮೊದಲ ಎಕ್ಸ್‌ರೇ ಸರಿಯಿದೆ ಎಂದು ಬಂದರೂ ಹತ್ತು ಹನ್ನೆರಡು ದಿನಕ್ಕೆ ಇನ್ನೊಮ್ಮೆ ತೋರಿಸಲು ತಂದೆತಾಯಿಗೆ ನೆನಪಿಸಿ. ಎಕ್ಸ್‌ರೇ ಓದುವುದು ನಿಮ್ಮ ಕೆಲಸವಲ್ಲ, ನೋವಿದೆ ಎನ್ನುವ ಮಗುವನ್ನು ನಂಬಿದರೆ ಸಾಕು.

ಕೂಗುವುದನ್ನೇ ಬಿಡಿ ಎನ್ನಲಾರೆ, ಕೂಗದ ಕೋಚ್‌ನನ್ನು ನಾನು ನೋಡಿಲ್ಲ. ಮಾತು ಮಾತ್ರ ಬದಲಿಸಿ. ಸ್ಮ್ಯಾಶ್‌ಗೆ ‘ಮುಂಗೈ ಹೊರಳಿಸು’ ಎನ್ನಿ. ಡ್ರಾಪ್‌ಗೆ ‘ಹಿಡಿ ಸಡಿಲ ಬಿಡು, ತಾಗುವಾಗ ಬಿಗಿ’ ಎನ್ನಿ. ಕಟ್‌ಗೆ ‘ಬಲಗೈ ಬೋರಲು’ ಎನ್ನಿ. ಆಫ್ ಸ್ಪಿನ್ ಕಲಿಯುವ ಬಲಗೈ ಹುಡುಗನಿಗೆ ಬಾಗಿಲ ಗುಬ್ಬಿಯನ್ನು ಬಲಕ್ಕೆ ತಿರುಗಿಸುವುದನ್ನು ತೋರಿಸಿ. ಮಗುವಿನ ಮಿದುಳಿಗೆ ತಿಳಿಯುವುದು ಇಂಥ ಕೆಲಸದ ಮಾತು.

ನನ್ನ ಹತ್ತಿರ ದಾರದಲ್ಲಿ ಪೋಣಿಸಿದ ಎಂಟು ಪ್ಲಾಸ್ಟಿಕ್ ಮೂಳೆಗಳಿವೆ, ಜೊತೆಗೊಂದು ರೇಡಿಯಸ್, ಒಂದು ಅಲ್ನಾ. ಈ ಏಪ್ರಿಲ್‌ನಲ್ಲೂ ಬೇಲಿ ಪಕ್ಕ ನಿಂತಿರುತ್ತೇನೆ, ಮೊಮ್ಮಗ ಮತ್ತೆ ಆಡುತ್ತಿದ್ದಾನೆ. ನೀರು ಕುಡಿಯಲು ಬಿಟ್ಟಾಗ ಹತ್ತು ನಿಮಿಷ ಕೊಟ್ಟರೆ ಮಕ್ಕಳನ್ನೂ ನಿಮ್ಮನ್ನೂ ಕೂರಿಸಿಕೊಂಡು ಕೈಗೇ ಕೊಟ್ಟು ತೋರಿಸುತ್ತೇನೆ. ಫೀಸು ಒಂದು ಬೈ ಟೂ ಕಾಫಿ. ನಿಮ್ಮ ಪಾಲಿನ ಅರ್ಧ ಲೋಟ ಎತ್ತಿ ಬಾಯಿಗೆ ಬಗ್ಗಿಸುವಾಗ ಮುಂಗೈಯನ್ನೊಮ್ಮೆ ನೋಡಿಕೊಳ್ಳಿ.

ಇತಿ,
ಬೇಲಿ ಪಕ್ಕದ ಒಬ್ಬಳು ಅಜ್ಜಿ,
ನಿವೃತ್ತ ಅಂಗರಚನಾಶಾಸ್ತ್ರದ ಮೇಡಂ
ಬೆಂಗಳೂರು